ರಾಷ್ಟ್ರಪತಿಗಳಿಗಾಗಿ ಎತ್ತಿದ ಕಲ್ಲು

ಆ ಅಧಿಕಾರಿ ‘ನಾಳೆ ವಾಪಸ್ ಇಡ್ತೇವೆ’ ಎಂದು ಹೇಳಿದರೋ ಇಲ್ಲವೋ, ನನಗೆ ಖಾತ್ರಿಯಿಲ್ಲ.

ಹೇಳಿದರು ಅಂತಲೇ ಅನ್ನಿಸುತ್ತದೆ. ಅವರ ಬಿಳಿ ಶರ್ಟು, ಕಂದು ಶೂ, ಕಿವಿಗಂಟಿದ ಮೊಬೈಲು ಎಲ್ಲ ನೆನಪಿದೆ. ಬೇಕಾದ ಆ ಒಂದು ವಾಕ್ಯ ಮಾತ್ರ ಕೈಗೆ ಸಿಗುತ್ತಿಲ್ಲ.

ನನ್ನ ನೆನಪಿನ ಯೋಗ್ಯತೆ ಎಷ್ಟೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ರಾಷ್ಟ್ರಪತಿಗಳು ನಮ್ಮ ಊರಿಗೆ ಬಂದಿದ್ದರು. ಪಡೀಲಿನ ರಸ್ತೆ ಬದಿಯಲ್ಲಿ ಬಿಸಿಲಿಗೆ ನಿಂತು ಕಾಗದದ ಬಾವುಟ ಬೀಸಿದ್ದೆ. ಕಾರಿನ ಕಿಟಕಿಯಿಂದ ಅವರು ನನ್ನ ಕಡೆಗೇ ಕೈ ಬೀಸಿದ್ದರು. ಈ ಕಥೆಯನ್ನು ಹೆಂಡತಿಗೆ, ಸ್ನೇಹಿತರಿಗೆ, ಕಾಲೇಜಿನಲ್ಲಿ ಪಾಠ ಕೇಳುವ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೊನ್ನೆ ಅಕ್ಕ ಕೇಳಿಸಿಕೊಂಡು ನಕ್ಕಳು.

“ನೀನೆಲ್ಲಿ ಬಂದದ್ದು ಮಾರಾಯ? ನಿಂಗೆ ಕೆನ್ನೆ ಊದಿ ಮನೆಯಲ್ಲಿ ಮಲಗಿದ್ದಿ. ಹೋದದ್ದು ನಾನು. ಕೈ ಬೀಸಿದ್ದೂ ನಂಗೆ.”

(ನಾನು ಕಲಿಸುವುದು ಇತಿಹಾಸ. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ ಎಂದು ಸಂಬಳ ತೆಗೆದುಕೊಂಡು ಹೇಳುವವನು.)

ಇರಲಿ. ಈಚೆಗೆ ರಾಷ್ಟ್ರಪತಿಗಳು ಮತ್ತೆ ಬಂದರು. ಯಾವುದೋ ಸಂಸ್ಥೆಯ ಹೊಸ ಕಟ್ಟಡದ ಉದ್ಘಾಟನೆ. ಬಂದು, ದೀಪ ಹಚ್ಚಿ, ಹೋಗಲು ಅವರಿಗೆ ಅರ್ಧ ದಿನ ಬೇಕಾಯಿತು. ನಮ್ಮ ಊರಿಗೆ ಮೈಮೇಲೆ ಬಂದದ್ದು ಹದಿನೈದು ದಿನ.

ನೋಡಬೇಕಿತ್ತು ನೀವು. ಮಳೆಗಾಲ ಕಳೆದು ತಿಂಗಳುಗಟ್ಟಲೆ ಬಾಯಿ ತೆರೆದು ಕೂತಿದ್ದ ಹೊಂಡಗಳು ಎರಡೇ ದಿನದಲ್ಲಿ ಮುಚ್ಚಿದವು. ಅಂದರೆ ಡಾಮರು ಇತ್ತು. ಕೆಲಸದವರೂ ಇದ್ದರು. ಇಲ್ಲದ್ದು ರಾಷ್ಟ್ರಪತಿಗಳು ಮಾತ್ರ! ಮರಗಳಿಗೆ ಸೊಂಟದವರೆಗೆ ಸುಣ್ಣ ಬಳಿದರು. ಬೀದಿ ನಾಯಿಗಳು ಎಲ್ಲಿಗೆ ಹೋದವೋ ಗೊತ್ತಿಲ್ಲ. ನರ್ಸರಿಯಿಂದ ಹೂಕುಂಡಗಳು ಟೆಂಪೋದಲ್ಲಿ ಬಂದಿಳಿದವು. ನನ್ನ ಸಹೋದ್ಯೋಗಿಯೊಬ್ಬರು ಕಾರ್ಯಕ್ರಮದ ಪಾಸನ್ನು ಕೊರಳಿಗೆ ಹಾಕಿಕೊಂಡು ಸ್ಟಾಫ್ ರೂಮಿನಲ್ಲೇ ಎರಡು ದಿನ ಓಡಾಡಿದರು. ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ. ಅದು ಸಾರಿನಲ್ಲಿ ಮುಳುಗಿದ ಮೇಲೆ ತೆಗೆದರು.

ನಮ್ಮ ಬಸ್ ಸ್ಟಾಪಿನ ರಸ್ತೆಯೂ ಸಿಂಗರಿಸುವ ಪಟ್ಟಿಯಲ್ಲಿತ್ತು. ಅಲ್ಲಿ ಮೂವರು ಹೆಂಗಸರು ಮೀನು ಮಾರುತ್ತಾರೆ. ಅವರಲ್ಲಿ ಗಿರಿಜಕ್ಕ ನನಗೆ ಪರಿಚಯ. ಬೆಂಗ್ರೆಯವರು. ಬೆಳಿಗ್ಗೆ ಬುಟ್ಟಿ ಹಿಡಿದು ಫೆರಿಯಲ್ಲಿ ಹೊಳೆ ದಾಟಿ ಬರುತ್ತಾರೆ. ನಾನು ಅವರಿಂದ ಬೂತಾಯಿ ಮೀನು ಕೊಳ್ಳುತ್ತೇನೆ. ಬೆಕ್ಕಿಗೆ. (ನಮ್ಮದು ಪೂಜೆ ಭಟ್ಟರ ಮನೆ.)

“ಎಂತ ಭಟ್ರೇ, ಇವತ್ತು ಬೆಕ್ಕಿಗೆ ಜಾಸ್ತಿ ಹಸಿವುಂಟಾ?” ಎಂದು ಬಸ್ಸಿಗೆ ಕಾದವರೆಲ್ಲ ಕೇಳುವಂತೆ ಕೂಗುತ್ತಾರೆ. “ಮಸಾಲೆ ಹಾಕಿ ಕೊಡ್ಲಾ ಬೆಕ್ಕಿಗೆ?”

(ನಾವು ಮಾತನಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ನನ್ನ ಅನುವಾದವನ್ನು ಎಷ್ಟು ನಂಬಬಹುದು ಎಂಬುದೇ ಈ ವಾರದ ಅಂಕಣದ ವಿಷಯ.)

ಆ ಹೆಂಗಸರಲ್ಲಿ ಒಂದು ಕಟ್ಟಳೆ ಇದೆ. ಒಬ್ಬೊಬ್ಬರಿಗೂ ಒಂದೊಂದು ಚಪ್ಪಟೆ ಕಲ್ಲು. ಮೀನು ಕೊಯ್ಯುವುದು ಅದರ ಮೇಲೆ. ಸಂಜೆ ಬುಟ್ಟಿ, ಕತ್ತಿ ಮನೆಗೆ ಹೋಗುತ್ತವೆ. ಕಲ್ಲು ಅಲ್ಲೇ ಇರುತ್ತದೆ. ಕಲ್ಲಿದ್ದರೆ ಜಾಗ ಇದ್ದಂತೆ. ಹೆರಿಗೆಯಾಗಲಿ, ಕಾಲು ಮುರಿಯಲಿ, ಆರು ತಿಂಗಳು ಬಾರದೇ ಇರಲಿ, ಬೇರೆಯವರು ಅಲ್ಲಿ ಕೂರುವುದಿಲ್ಲ. ಆದರೆ ತನ್ನ ಕೈಯಾರೆ ಕಲ್ಲು ಎತ್ತಿದವಳು ಜಾಗ ಬಿಟ್ಟುಕೊಟ್ಟವಳು. ಪೊಲೀಸರು ಎತ್ತಿದರೂ, ಲಾರಿ ಬಂದು ಗುದ್ದಿದರೂ ಜಾಗ ಹೋಗದು. ತಾನೇ ಎತ್ತಿದರೆ ಮುಗಿಯಿತು. ಮತ್ತೆ ಕೇಳುವ ಹಾಗಿಲ್ಲ. ಕಾಗದವಿಲ್ಲ, ಸೀಲಿಲ್ಲ, ಕೋರ್ಟಿಲ್ಲ. ಆದರೂ ನಡೆದುಕೊಂಡು ಬಂದಿದೆ.

ಗಿರಿಜಕ್ಕನ ಕಲ್ಲು ಅವರ ಅತ್ತೆಯದು. ಬೆಂಗ್ರೆಯ ಮರಳಿನಲ್ಲಿ ಕಲ್ಲೆಲ್ಲಿ? ಯಾವುದೋ ಹಳೆ ಮನೆ ಕೆಡವುವಾಗ ಅತ್ತೆ ಕೇಳಿ ತಂದದ್ದಂತೆ. ನಡುವೆ ಕತ್ತಿ ಬಿದ್ದೂ ಬಿದ್ದೂ ತಟ್ಟೆಯಂತೆ ತಗ್ಗಾಗಿತ್ತು.

ಭೇಟಿಯ ಹಿಂದಿನ ದಿನ ಟೆಂಪೋ ಬಂತು. ನಾನು ಸ್ಟಾಪಿನಲ್ಲಿದ್ದೆ. ಕಂದು ಶೂನವರು ಇಳಿದು ‘ಎಲ್ಲ ಕ್ಲಿಯರ್ ಮಾಡಿ’ ಎಂದರು. ಘಟ್ಟದ ಮೇಲಿನ ಕನ್ನಡ, ಬಹಳ ವೇಗದ್ದು. ಉಳಿದ ಇಬ್ಬರು ಹೆಂಗಸರು ಕತ್ತಿ ಹಿಡಿದೇ ಎದ್ದು ನಿಂತು ಬೈದರು. ಬೈಗುಳ ಇಲ್ಲಿ ಅಚ್ಚಾಗುವಂಥದಲ್ಲ. ಕೊನೆಗೆ ಕೆಲಸದವರೇ ಅವರ ಕಲ್ಲುಗಳನ್ನು ಕಿತ್ತು ಟೆಂಪೋಗೆ ಎಸೆದರು.

ಗಿರಿಜಕ್ಕ ಬೈಯಲಿಲ್ಲ. ನನ್ನತ್ತ ತಿರುಗಿ, “ಇವರು ಎಂತ ಹೇಳುದು ಭಟ್ರೇ?” ಎಂದು ಕೇಳಿದರು.

ನಾನು ಓದಿದವನಲ್ಲವೇ? ನಾಲ್ಕು ಜನರ ಎದುರು ಗಲಾಟೆ ಆಗಬಾರದಲ್ಲವೇ? ಮುಂದೆ ಬಂದು ತುಳುವಿನಲ್ಲಿ ವಿವರಿಸಿದೆ. ರಾಷ್ಟ್ರಪತಿಗಳು ಬರುತ್ತಾರೆ, ಒಂದೇ ದಿನದ ಮಾತು, ನಾಳೆ ಅವರು ಹೋದ ಕೂಡಲೇ ವಾಪಸ್ ಇಡ್ತಾರೆ, ಕೊಟ್ಟುಬಿಡಿ.

“ವಾಪಸ್ ಇಡ್ತಾರಂತಾ?”

“ಹೌದಂತೆ.”

ಗಿರಿಜಕ್ಕ ಕಲ್ಲಿನ ಮೇಲೆ ನೀರು ಸುರಿದು ಉಜ್ಜಿ ತೊಳೆದರು. “ಅಷ್ಟು ದೊಡ್ಡವರು ಬರುವಾಗ ವಾಸನೆ ಬರ್ಬಾರ್ದಲ್ವಾ” ಎಂದರು. ಆಮೇಲೆ ಬಗ್ಗಿ, ನೋಯುವ ಮಂಡಿಯ ಮೇಲೆ ಭಾರ ಹಾಕಿ, ಎರಡೂ ಕೈಯಿಂದ ಕಲ್ಲನ್ನು ಎತ್ತಿ ಕೊಟ್ಟರು. ಉಳಿದ ಇಬ್ಬರು ಬೈಗುಳ ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದರು. ಯಾಕೆ ಸುಮ್ಮನಾದರು ಎಂದು ಆಗ ನನಗೆ ಹೊಳೆಯಲಿಲ್ಲ.

ಮರುದಿನ ಅಲ್ಲಿ ಮೂರು ಹೂಕುಂಡ. ಅವುಗಳ ಮುಂದೆ ಒಬ್ಬ ಪೊಲೀಸ್. ಹೂವಿಗೆ ಕಾವಲೋ ರಸ್ತೆಗೋ ತಿಳಿಯಲಿಲ್ಲ. ಬೆಳಿಗ್ಗೆಯಿಂದ ಬಸ್ಸಿಲ್ಲ, ರಿಕ್ಷಾ ಇಲ್ಲ. ಮಧ್ಯಾಹ್ನ ಗೊತ್ತಾಯಿತು: ರಾಷ್ಟ್ರಪತಿಗಳು ಬೇರೆ ದಾರಿಯಲ್ಲಿ ಬಂದು ಬೇರೆ ದಾರಿಯಲ್ಲೇ ಹೋದರು. ನಮ್ಮದು ‘ಪರ್ಯಾಯ ಮಾರ್ಗ’ವಂತೆ. ಬಂದರೂ ಬರಬಹುದು ಎಂದು ಸಿಂಗರಿಸಿದ್ದು! ಬಾರದವರಿಗೆ ವಾಸನೆ ಬಾರದಿರಲೆಂದು ಒಬ್ಬ ಹೆಂಗಸು ಕಲ್ಲು ತೊಳೆದು ಕೊಟ್ಟಳು. ಇದಕ್ಕಿಂತ ದೊಡ್ಡ ಅತಿಥಿ ಸತ್ಕಾರ ಎಲ್ಲಾದರೂ ಉಂಟೇ?

ಅದರ ಮಾರನೆಯ ದಿನ ಹೂಕುಂಡಗಳೂ ಇಲ್ಲ. ಬಾಡಿಗೆಗೆ ತಂದವು, ನರ್ಸರಿಗೆ ಹೋದವು. ಬೈದಿದ್ದ ಇಬ್ಬರು ಎಲ್ಲಿಂದಲೋ ಹೊಸ ಕಲ್ಲು ಹೊಂದಿಸಿಕೊಂಡು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಗಿರಿಜಕ್ಕನ ಜಾಗದಲ್ಲಿ ನಾನು ಎಂದೂ ನೋಡಿರದ ಹೆಂಗಸು. ಮುಂದೆ ಅವಳದೇ ಕಲ್ಲು.

ಗಿರಿಜಕ್ಕ ಸಿಕ್ಕಿದ್ದು ವಾರದ ನಂತರ. ಬುಟ್ಟಿ ತಲೆಯ ಮೇಲೆ. ಈಗ ಮನೆ ಮನೆಗೆ ಹೊತ್ತು ಮಾರುತ್ತಾರೆ. ಆ ಮಂಡಿಯಲ್ಲಿ, ನಮ್ಮ ಊರಿನ ಏರಿಳಿತದಲ್ಲಿ.

“ಅವಳನ್ನು ಏಳಿಸಬಾರದೇ? ನಾನು ಬಂದು ಮಾತಾಡ್ತೇನೆ” ಎಂದೆ.

“ಎಂತ ಮಾತಾಡುದು? ಅವಳದ್ದು ತಪ್ಪಿಲ್ಲ. ಅವರೇ ಎತ್ತಿದ್ರೆ ಜಾಗ ನಂದೇ ಇರ್ತಿತ್ತು. ಎತ್ತಿ ಕೊಟ್ಟದ್ದು ನಾನಲ್ವಾ?”

“ಆದರೆ ವಾಪಸ್ ಇಡ್ತೇವೆ ಅಂತ ಅವರು ಹೇಳಿದ್ರಲ್ಲ.”

ಗಿರಿಜಕ್ಕ ತಲೆಯ ಮೇಲಿನ ಬುಟ್ಟಿ ಇಳಿಸಿದರು. “ಅವರು ಹೇಳಿದ್ರಾ ಭಟ್ರೇ? ನಂಗೆ ಗೊತ್ತಿಲ್ಲ. ನಂಗೆ ಹೇಳಿದ್ದು ನೀವು.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ಬೆಕ್ಕು ಎಂತ ತಿಂತದೆ ಈಗ?” ಎಂದು ಕೇಳಿ, ಕಾಗದದಲ್ಲಿ ಎರಡು ಬೂತಾಯಿ ಸುತ್ತಿ ಕೊಟ್ಟು ಹೋದರು.

ಅಲ್ಲಿಂದ ನನಗೆ ನಿದ್ದೆ ಸರಿಯಿಲ್ಲ. ಆ ಅಧಿಕಾರಿಯನ್ನು ಹುಡುಕಿ ಕಚೇರಿಗೆ ಹೋದೆ. ಅವರಿಗೆ ವರ್ಗವಾಗಿತ್ತು. ಅಲ್ಲಿದ್ದವರು ನನ್ನಿಂದಲೇ ಅರ್ಜಿ ಕೇಳಿದರು. ‘ಯಾವ ಕಲ್ಲು? ಅಳತೆ ಎಷ್ಟು? ನಿಮ್ಮದೇ ಅನ್ನಲು ದಾಖಲೆ?’ ಅರ್ಜಿಯಲ್ಲಿ ನಾನೇನು ಬರೆಯಲಿ? ‘ಅಧಿಕಾರಿಗಳು ಮಾತು ಕೊಟ್ಟಿದ್ದರು’ ಎಂದು ಬರೆಯಬೇಕು. ಕೊಟ್ಟಿದ್ದರೇ? ಕಣ್ಣು ಮುಚ್ಚಿದರೆ ಅವರ ಬಾಯಿ ಕದಲುತ್ತದೆ, ಮಾತು ಕೇಳುತ್ತದೆ. ಹಾಗೆಯೇ ರಾಷ್ಟ್ರಪತಿಗಳ ಕೈ ನನ್ನತ್ತ ಬೀಸುವುದೂ ಕಾಣುತ್ತದೆ.

ಕೊನೆಗೆ ನೆನಪಾದದ್ದು ಸ್ಟಾಪಿನ ಪಕ್ಕದ ಜ್ಯೂಸ್ ಅಂಗಡಿಯ ಹಮೀದ್. ಆ ದಿನ ತನ್ನ ಅಂಗಡಿಯ ತಗಡಿನ ಮಾಡನ್ನೂ ಕೀಳುತ್ತಾರೆಂದು ಹೆದರಿ ಮೊದಲಿಂದ ಕೊನೆಯವರೆಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು.

“ಎಲ್ಲ ಉಂಟು ಸರ್. ನೀವೂ ಉಂಟು” ಎಂದು ಫೋನ್ ಕೈಗೆ ಕೊಟ್ಟರು.

ಎರಡು ಸಲ ನೋಡಿದೆ. ಒಂದೊಂದು ಮಾತೂ ಸ್ಪಷ್ಟವಾಗಿದೆ. ಕಂದು ಶೂನವರು ಗಿರಿಜಕ್ಕನ ಎದುರು ಆಡಿದ್ದು ಇಷ್ಟೇ: ‘ಬೇಗ ತೆಗೀರಮ್ಮ, ಟೈಮಿಲ್ಲ.’ ನಾಳೆ ಎಂಬ ಮಾತನ್ನು ಆ ರಸ್ತೆಯಲ್ಲಿ ಆಡಿದವನು ನಾನೊಬ್ಬನೇ.