ನಮ್ಮ ಗುಂಪಿಗೆ ಮಾಮಾ ಬಂದದ್ದು

ಚೆನ್ನೈನ ವಡಪಳನಿಯ ಒಂದು ಟ್ಯೂಷನ್ ಸೆಂಟರಿನ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಾವು ಸೇರುತ್ತಿದ್ದೆವು. ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್, ಅದನ್ನು ಬಳಸುವವರ ಗುಂಪು. ನಾನು ಇನ್ಶೂರೆನ್ಸ್ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ತಾಂಬರಂನಿಂದ ಟ್ರೈನಿನಲ್ಲಿ ಬಂದು ಕೋಡಂಬಾಕ್ಕಂನಲ್ಲಿ ಇಳಿದು, ಅಲ್ಲಿಂದ ಶೇರ್ ಆಟೋ ಹಿಡಿಯುತ್ತಿದ್ದೆ. ಆ ಕೋಣೆಯಲ್ಲಿ ಬಹುಪಾಲು ನಾನೊಬ್ಬಳೇ ಹೆಂಗಸು.

ಮೊದಲೆಲ್ಲ ಕಾಲೇಜು ಹುಡುಗರು ಕಿಟಕಿಯ ಕಟ್ಟೆಯ ಮೇಲೂ ಕೂರುತ್ತಿದ್ದರು. ಅವರಿಗೆಲ್ಲ ಕೆಲಸ ಸಿಕ್ಕಿತು, ಮದುವೆಯಾಯಿತು, ಬರುವುದು ನಿಂತಿತು. ಉಳಿದವರು ಹಳಬರು ಕೆಲವರು. ಅವೇ ಮುಖಗಳು, ಅವೇ ವಾದಗಳು. ನಮ್ಮ ಸಂಚಾಲಕರು ಪಾಲಿಟೆಕ್ನಿಕ್ಕಿನ ನಿವೃತ್ತ ಮೇಷ್ಟ್ರು, ತಮಿಳರು. ಒಂದು ದಿನ ಖಾಲಿ ಬೆಂಚುಗಳನ್ನು ನೋಡುತ್ತಾ, "ಹೀಗೇ ಆದರೆ ಮುಚ್ಚಬೇಕಾಗುತ್ತೆ ಮೇಡಂ," ಎಂದು ತಮಿಳಿನಲ್ಲಿ ಹೇಳಿದರು.

"ನಮ್ಮನಮ್ಮಲ್ಲೇ ಮಾತಾಡಿಕೊಂಡಿದ್ದರೆ ಯಾರು ಬರ್ತಾರೆ ಸರ್? ಮಾಮೂಲಿ ಜನರನ್ನ ಕರೆಯೋಣ," ಎಂದೆ.

ಅವರು ಒಪ್ಪಿದರು. ತಮಿಳಿನಲ್ಲಿ ಒಂದು ಪೋಸ್ಟರ್ ಮಾಡಿ ಸುತ್ತಮುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಅಂಟಿಸಿದೆವು. ನಾನು ಕನ್ನಡದಲ್ಲೂ ಒಂದನ್ನು ಬರೆದು ಪರಿಚಯದ ಕನ್ನಡ ಮನೆಗಳಿಗೆಲ್ಲ ಫೋನಿನಲ್ಲಿ ಕಳಿಸಿದೆ. ಅದನ್ನು ಬರೆಯುವಾಗ ನನಗಿದ್ದ ಉತ್ಸಾಹ ನೆನೆದರೆ ಈಗ ಸಂಕಟವಾಗುತ್ತದೆ.

ಪ್ಯಾರೀಸ್ ಕಾರ್ನರಿನಿಂದ ಕಾಗದದ ಸಗಟು ವ್ಯಾಪಾರಿಯೊಬ್ಬರು ಬಂದರು. ಎಲ್ಲ ಕೇಳಿಸಿಕೊಂಡು, "ಕೆಟ್ಟು ನಿಂತರೆ ಯಾರಿಗೆ ಫೋನ್ ಮಾಡಲಿ?" ಎಂದರು. ನಮ್ಮವರೊಬ್ಬರು, "ಇಂಟರ್ನೆಟ್ಟಿನಲ್ಲಿ ಕೇಳಿ, ಯಾರಾದರೂ ಉತ್ತರ ಕೊಡ್ತಾರೆ," ಎಂದರು. ವ್ಯಾಪಾರಿ ನಕ್ಕು, ಕೈಮುಗಿದು ಇಳಿದು ಹೋದರು. ಸಿನಿಮಾಗಳಿಗೆ ಡಬ್ಬಿಂಗ್ ಮಾಡುವ ಹುಡುಗಿಯೊಬ್ಬಳು ಬಂದಳು. ಅವಳ ಸ್ಟುಡಿಯೋದ ಫೈಲು ನಮ್ಮಲ್ಲಿ ತೆರೆಯಲಿಲ್ಲ. ಅವಳೂ ಮತ್ತೆ ಬರಲಿಲ್ಲ.

ಬಂದು ಉಳಿದವರು, ನಾನು ಮಾಮಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರೇ. ಬ್ಯಾಂಕಿನಿಂದ ನಿವೃತ್ತರಾದವರು, ಮೂರು ತಲೆಮಾರಿನಿಂದ ಇಲ್ಲೇ ಇರುವ ಕನ್ನಡದ ವೈಷ್ಣವ ಮನೆತನ. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿತ್ತು. ಸೊಸೆ ತೋಳು ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು.

"ಕಂಪ್ಯೂಟರ್ ಕನ್ನಡ ಓದಿ ಹೇಳತ್ತೆ ಅಂತ ಬರ್ದಿದ್ಯಂತಲ್ಲಮ್ಮಾ, ನಿಜವಾ?" ಎಂದರು. "ಪೇಪರ್ ಓದು ಅಂತ ದಿನಾ ಇವಳನ್ನ ಕೇಳಕ್ಕೆ ನಂಗೇ ಒಂಥರಾ ಆಗತ್ತೆ."

ಅವರ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನೂ, ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವನ್ನೂ ಹಾಕಿಕೊಟ್ಟೆ. ದನಿ ತಗಡು ಬಡಿದಂತಿತ್ತು, 'ಳ'ಕಾರವೆಲ್ಲ 'ಲ'ಕಾರ. ಮಾಮಾ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಸ್ವಲ್ಪ ಹೊತ್ತಿಗೆ ಮುಖ ಬಿಚ್ಚಿಕೊಂಡಿತು. "ಶೀತ ಆಗಿರೋ ಪುರೋಹಿತರ ಹಾಗೆ ಓದ್ತಾನೆ. ಪರವಾಯಿಲ್ಲೆ, ಪರವಾಯಿಲ್ಲೆ!" ಎಂದು ಜೋರಾಗಿ ನಕ್ಕರು. ಹಳಬರೆಲ್ಲ ತಿರುಗಿ ನೋಡಿದರು.

ಆಮೇಲೆ ಮಾಮಾ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಪತ್ರಿಕೆಯ ಸುದ್ದಿಯನ್ನೆಲ್ಲ ತಾವೇ ಕೇಳಿಕೊಂಡು ಬಂದು ನನಗೆ ಹೇಳುತ್ತಿದ್ದರು. ನಮ್ಮ ಗುಂಪು ಉಳಿಯುತ್ತದೆ ಎಂದು ನಾನು ನಂಬಿದ್ದು ಆ ತಿಂಗಳುಗಳಲ್ಲಿ.

ಒಂದು ಸಭೆಯಲ್ಲಿ ನಮ್ಮ ಸದಸ್ಯರೊಬ್ಬರು, ಹೊಸ ಆವೃತ್ತಿ ಬಂದಿದೆ, ಹಾಕಲೇಬೇಕು ಎಂದು ಮಾಮಾನ ಲ್ಯಾಪ್‌ಟಾಪನ್ನು ತೆಗೆದುಕೊಂಡರು. ಹಾಕಿ ಮುಗಿದ ಮೇಲೆ ದನಿಯೇ ಇಲ್ಲ. ತಪ್ಪು ಧ್ವನಿ ವ್ಯವಸ್ಥೆಯದೆಂದು ಒಬ್ಬರು, ಲಿನಕ್ಸಿನಲ್ಲಿ ಈ ಬಗೆಯದನ್ನೇ ಹಾಕಬಾರದಿತ್ತೆಂದು ಇನ್ನೊಬ್ಬರು. ಮಾತು ಇಂಗ್ಲಿಷಿನಲ್ಲಿ ಶುರುವಾಗಿ ತಮಿಳಿನಲ್ಲಿ ಏರಿತು; ಹಳೆಯ ಜಗಳಗಳೆಲ್ಲ ಎದ್ದು ಬಂದವು. ಮಾಮಾ ಏನೂ ಕೇಳಿಸದ ಹೆಡ್‌ಫೋನ್ ಹಾಕಿಕೊಂಡು, ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. "ಸ್ವಲ್ಪ ನಿಲ್ಲಿಸಿ, ಮೊದಲು ಇವರದ್ದು ನೋಡೋಣ," ಎಂದೆ. ಯಾರೂ ಕಿವಿಗೊಡಲಿಲ್ಲ.

ಮಾಮಾ ಹೆಡ್‌ಫೋನ್ ತೆಗೆದು ವೈರನ್ನು ನಿಧಾನವಾಗಿ ಸುತ್ತಿಟ್ಟರು. "ಸರಿ ಮಾ, ನಾವು ಹೊರಡ್ತೀವಿ," ಎಂದರು.

ಮರುವಾರ ನಾನು ಅವರ ಮನೆಗೆ ಹೋದೆ. ಮಧ್ಯಾಹ್ನದವರೆಗೆ ಹೆಣಗಿ ದನಿ ಬರಿಸಿದೆ. ಆದರೆ ಬಂದದ್ದು ಇಂಗ್ಲಿಷಿನ ದನಿ. ಆ ಕನ್ನಡದ ದನಿಯನ್ನು ಎಲ್ಲೋ ಒಬ್ಬರು ಬಿಡುವಿನ ವೇಳೆಯಲ್ಲಿ ಒಂಟಿಯಾಗಿ ನೋಡಿಕೊಳ್ಳುತ್ತಿದ್ದರಂತೆ. ಇನ್ನು ತಮ್ಮಿಂದಾಗದೆಂದು ಕೈಬಿಟ್ಟಿದ್ದರು. ಹೊಸ ಆವೃತ್ತಿಗೆ ಅದು ಹೊಂದಲಿಲ್ಲ, ಹಳೆಯದಕ್ಕೆ ಮರಳಲು ನೋಡಿದರೆ ಅದೂ ಆಗಲಿಲ್ಲ. ಕನ್ನಡದ ಸುದ್ದಿಯ ಮೇಲೆ ಇಟ್ಟರೆ ಯಂತ್ರ ಪ್ರತಿ ಅಕ್ಷರಕ್ಕೂ "ಲೆಟರ್, ಲೆಟರ್, ಲೆಟರ್" ಎನ್ನುತ್ತಿತ್ತು.

ನಾನು ನಿಲ್ಲಿಸಲು ಕೈಚಾಚಿದೆ. ಮಾಮಾ ತಡೆದು, ಒಂದು ಇಡೀ ವಾಕ್ಯ ಮುಗಿಯುವವರೆಗೂ ಕೇಳಿದರು.

"ಅಕ್ಷರ ಅಂತ ಗೊತ್ತಾಗತ್ತೆ ಅದಕ್ಕೆ, ಯಾವ್ದು ಅಂತ ಗೊತ್ತಾಗಲ್ಲ. ನನ್ ಹಾಗೇನೇ," ಎಂದರು. ಕೊರಗಿಯೂ ಹೇಳಲಿಲ್ಲ, ನಗಿಸಲೂ ಹೇಳಲಿಲ್ಲ.

"ಇನ್ನೊಂದು ದನಿ ಹುಡುಕ್ತೀನಿ ಮಾಮಾ."

"ಬೇಡಮ್ಮಾ, ಬಿಡು. ನಿಂಗೂ ಮನೆ ಮಠ ಇದೆ. ಕಾಫಿ ಕುಡಿ."

ಸೊಸೆ ಕಾಫಿ ತಂದಿಟ್ಟು, ಅಂದಿನ ಪೇಪರ್ ಬಿಡಿಸಿಕೊಂಡು ಅವರ ಪಕ್ಕ ಕುಳಿತಳು. ಅವಳು ಬೇಗ ಬೇಗ ಓದುತ್ತಿದ್ದಳು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದಿರಬೇಕು.

ನಾನು ಹುಡುಕದೆ ಇರಲಿಲ್ಲ. ಆಫೀಸಿನಿಂದ ಬಂದು ಆ ತಂತ್ರಾಂಶವನ್ನು ಬಿಚ್ಚಿ ನೋಡಿದೆ. ಯಾರು ಬೇಕಾದರೂ ತಿದ್ದಬಹುದು ಎಂದು ಪೋಸ್ಟರಿನಲ್ಲಿ ಬರೆದವಳು ನಾನೇ. ಆದರೆ ನನಗೆ ತಲೆಬುಡ ಗೊತ್ತಾಗಲಿಲ್ಲ. ಸಹಾಯ ಕೇಳಿ ನಮ್ಮ ಗುಂಪಿಗೆ ಬರೆದೆ. ಒಬ್ಬರು ಹೆಬ್ಬೆರಳಿನ ಚಿತ್ರ ಕಳಿಸಿದರು, ಅಷ್ಟೇ.

ಮುಂದಿನ ಸಭೆಗೆ ಬಂದವರು ಸಂಚಾಲಕರು ಮತ್ತು ನಾನು. ಫ್ಯಾನ್ ಹಾಕಿಕೊಂಡು ಸ್ವಲ್ಪ ಹೊತ್ತು ಕೂತೆವು. ಅವರು ತಮ್ಮ ಮಂಡಿನೋವಿನ ವಿಷಯ ಹೇಳಿದರು. ನಂತರ ಬಾಗಿಲು ಹಾಕಿ ಕೆಳಗಿಳಿದೆವು. ಈಗ ಆ ಕೋಣೆಯಲ್ಲಿ ಭಾನುವಾರವೂ ಟ್ಯೂಷನ್ ನಡೆಯುತ್ತದೆ. ಸಭೆ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ.

ಆಗಾಗ ಮಾಮಾಗೆ ಫೋನ್ ಮಾಡುತ್ತೇನೆ. ಬಿಸಿಲು, ನೀರಿನ ಲಾರಿ, ಮೊಮ್ಮಗಳ ಪರೀಕ್ಷೆ ಎಲ್ಲ ಮಾತಾಡುತ್ತಾರೆ. ಪತ್ರಿಕೆಯಲ್ಲಿ ಏನು ಬಂದಿದೆ ಎಂದು ಮಾತ್ರ ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.