ಲಾಡಿ ಬಿಟ್ಟ ಗುರುತು

ಚಿತ್ತಾಪುರದಿಂದ ತಂದ ಹೊಸ ಒಳಲಂಗಕ್ಕೆ ಇನ್ನೂ ಗಂಜಿಯ ವಾಸನೆ ಇದೆ. ಪಿನ್ನಿಗೆ ಲಾಡಿ ಸಿಕ್ಕಿಸಿ ಪಟ್ಟಿಯೊಳಗೆ ತೂರಿಸುತ್ತ ಕುಳಿತಿದ್ದೇನೆ. ಅಂಗಡಿಯವನು, “ಭಾಳ ಗಟ್ಟಿ ಲಾಡಿ ಅದರಿ, ಹರಿಯಂಗೇ ಇಲ್ಲ” ಎಂದಿದ್ದ. ಗಟ್ಟಿ ಎಂದ ಕೂಡಲೇ ನನಗೆ ಅವನ ಮೇಲೂ ಲಾಡಿಯ ಮೇಲೂ ಅನುಮಾನ ಬಂತು. ನಗಬೇಡಿ. ಹಾವು ಕಚ್ಚಿದವರು ಹಗ್ಗ ಕಂಡರೂ ಹೆದರುತ್ತಾರಂತೆ. ನಮ್ಮ ಮನೆಯಲ್ಲಿ ಕಚ್ಚಿದ್ದು ಹಗ್ಗವೇ. ಅನುಮಾನಪಟ್ಟೂ ಕೊಂಡು ತಂದೆನಲ್ಲ, ಅದು ನಮ್ಮ ಮನೆತನದ ರೀತಿ.

ಅನುಮಾನದ ವಿದ್ಯೆಯಲ್ಲಿ ನಾನು ಮಳಖೇಡದ ಚಿಗವ್ವನ ಶಿಷ್ಯೆ. ಅವಳು ನನ್ನ ಅವ್ವನ ತಂಗಿ. ಹಾಲಿನವನು ನಕ್ಕರೆ ಇಂದು ನೀರು ಹೆಚ್ಚು ಎನ್ನುವಳು, ನಗದಿದ್ದರೆ ಹಾಲು ನಿನ್ನೆಯದು ಎನ್ನುವಳು. ಪಕ್ಕದ ಮನೆಯ ಬಾಳವ್ವ ಉಪ್ಪಿನಕಾಯಿ ಕೊಟ್ಟರೆ, ಯಾಕೆ ಕೊಟ್ಟಳೆಂದು ವಾರವೆಲ್ಲ ಯೋಚಿಸಿ ಆಮೇಲೆ ತಿನ್ನುವಳು. ಅವ್ವ ಇದಕ್ಕೆ ತದ್ವಿರುದ್ಧ. ವಾಡಿ ಜಂಕ್ಷನ್ನಿನಲ್ಲಿ ಗುರುತಿಲ್ಲದವರ ಕೈಗೆ ಗಂಟು ಕೊಟ್ಟು ನೀರು ತರಲು ಹೋಗುವಾಕೆ. ಅಕ್ಕತಂಗಿಯರಿಗೆ ಹೋಲಿಕೆ ಇದ್ದದ್ದು ಒಂದರಲ್ಲೇ, ಸೊಂಟದ ಗುರುತಿನಲ್ಲಿ.

ತೊಗರಿ ಹೊಲದಲ್ಲಿ ದಿನವಿಡೀ ಬಗ್ಗಿ ಏಳುವ ಹೆಂಗಸರು ನಮ್ಮ ಕಡೆ ಲಾಡಿಯನ್ನು ಉಸಿರು ಹಿಡಿದು ಬಿಗಿಯುತ್ತಾರೆ. “ಬಿಗಿದು ಕಟ್ಟವ್ವ, ನಡು ಸಡಿಲಾದ್ರ ಮಂದಿ ಏನಂತಾರ” ಎಂದು ಅಜ್ಜಿ ಇಬ್ಬರಿಗೂ ಕಲಿಸಿದ್ದಳು. ಅದೇ ಜಾಗ, ಅದೇ ಮಗ್ಗುಲಿಗೆ ಗಂಟು, ಅದರ ಮೇಲೆ ಬೆವರು. ವರ್ಷಗಟ್ಟಲೆ ಹೀಗೆ ಕಟ್ಟಿ ಇಬ್ಬರ ಸೊಂಟಕ್ಕೂ ಕಪ್ಪು ಪಟ್ಟಿ ಬಿದ್ದಿತ್ತು, ಚರ್ಮ ಒರಟಾಗಿ ಹೊಟ್ಟೇಳುತ್ತಿತ್ತು. ಅದನ್ನು ಯಾರೂ ಜಡ್ಡು, ರೋಗ ಎಂದುಕೊಳ್ಳಲಿಲ್ಲ. ಹೆಂಗಸಾಗಿ ಹುಟ್ಟಿದ ಮೇಲೆ ಇರುವಂಥದ್ದೇ ಎಂದು ಬಿಟ್ಟಿದ್ದರು.

ಒಂದು ಸುಗ್ಗಿಯಲ್ಲಿ ಚಿಗವ್ವನ ಗಂಟಿನ ಕೆಳಗೆ ಗಾಯವಾಯಿತು. ಅರಿಶಿನ ಹಚ್ಚಿದಳು, ಬೇವು ಅರೆದು ಹಚ್ಚಿದಳು. ಮಾಯಲಿಲ್ಲ. ಅಂಚು ಎದ್ದು ಗಟ್ಟಿಯಾಯಿತು, ಮುಟ್ಟಿದರೆ ರಕ್ತ ಬರತೊಡಗಿತು. ಆಗ ಚಿಗವ್ವನಿಗೆ ಅನುಮಾನ ಬಂತು. ಗಾಯದ ಮೇಲಲ್ಲ, ಬಾಳವ್ವನ ಮೇಲೆ.

“ಆಕಿನೇ ಮಾಟ ಮಾಡ್ಸ್ಯಾಳ. ಒಣ ಹಾಕಿದ ಸೀರಿ ಸೆರಗು ಕತ್ತರಿಸಿ ಒಯ್ದಾಳ.”

“ದವಾಖಾನಿಗಿ ಹೋಗಮ್ ನಡಿ ಚಿಗವ್ವ” ಎಂದೆ.

“ಮಾಟಕ್ಕ ಸೂಜಿ ಚುಚ್ಚತಾರೇನು ಹುಚ್ಚಿ?”

ಚಿಂಚೋಳಿ ಕಡೆಯ ಯಾರೋ ಒಬ್ಬ ಮಂತ್ರಿಸಿದ ಕರಿ ದಾರ ಕೊಟ್ಟ. ಅದನ್ನು ಎಲ್ಲಿ ಕಟ್ಟಿಕೊಂಡಳು ಗೊತ್ತೇ? ಸೊಂಟಕ್ಕೆ. ಗಾಯದ ಮೇಲೆಯೇ, ಲಾಡಿಗಿಂತ ಬಿಗಿಯಾಗಿ. ಊರನ್ನೆಲ್ಲ ಅನುಮಾನಿಸಿದ ಹೆಂಗಸು ತಾನೇ ಕಟ್ಟಿದ ಗಂಟನ್ನು ಮಾತ್ರ ಒಂದು ದಿನವೂ ಅನುಮಾನಿಸಲಿಲ್ಲ. ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಸೀರೆಯ ಹೊರಗೆ ರಕ್ತ ಕಂಡ ದಿನ ಅವಳನ್ನು ಜೀಪು ಹತ್ತಿಸಿದ್ದು ಆ ಬಾಳವ್ವನೇ. “ನಾ ಮಾಡ್ಸೀನಿ ಅಂತಿಯಲ್ಲ, ನಾನೇ ತಗಸ್ತೀನಿ, ನಡಿ” ಎಂದಳಂತೆ. ಕಲಬುರಗಿ ಮುಟ್ಟುವವರೆಗೂ ಚಿಗವ್ವ ಅವಳು ಕೊಟ್ಟ ನೀರು ಕುಡಿಯಲಿಲ್ಲ.

ಆಸ್ಪತ್ರೆಯಲ್ಲಿ ಚೂರು ಚರ್ಮ ತೆಗೆದು ಪರೀಕ್ಷಿಸಿ, ಕ್ಯಾನ್ಸರ್ ಎಂದರು. ನಾನು ಅವ್ವನನ್ನೂ ಕರೆದೊಯ್ದು ಡಾಕ್ಟರಮ್ಮನ ಮುಂದೆ ನಿಲ್ಲಿಸಿದೆ.

“ಇಬ್ಬರೂ ಒಂದೇ ನಮೂನಿ ಲಾಡಿ ಕಟ್ಕೊಂಡು ಬಂದಾರ್ರಿ. ಅವ್ವನ ಗುರುತು ಸುಮ್ಮನ ಮಲಗ್ಯದ. ಚಿಗವ್ವಂದು ಯಾಕ ಎದ್ದದ?”

“ದಿನಾ ಉಜ್ಜಿದ್ರ ಚರ್ಮ ದಿನಾ ಹೊಸಾದು ಹುಟ್ಟಬೇಕಾಗ್ತದರಿ,” ಎಂದಳು ಆಕೆ. “ಹಂಗ ಹುಟ್ಟೋದ್ರಾಗ ಕೆಲವು ಕಣ ಕೆಟ್ಟು ಹುಟ್ತಾವ. ಸುತ್ತಲಿನ ಚಲೋ ಕಣ ಅವನ್ನ ಅದುಮಿ ಇಡ್ತಾವ, ಮೈಯಾಗಿನ ಕಾವಲು ಹುಡುಕಿ ಕೊಲ್ತದ. ಭಾಳ ಮಂದಿಗಿ ಅಲ್ಲಿಗೇ ಮುಗೀತದ. ಗಾಯ ಮಾಯದಂಗ ತಿಕ್ಕಿಕೋತ ಹೋದ್ರ ಕೆಟ್ಟವು ಹೆಚ್ಚಾಗಿ, ಕಾವಲಿನ ಕಣ್ಣು ತಪ್ಪಿಸಿ ಒಳಗ ಇಳೀತಾವ.”

“ಯಾರಿಗಿ ಇಳೀತಾವ, ಯಾರಿಗಿ ಇಲ್ಲ?”

“ಅದು ಪೂರ್ತಿ ಗೊತ್ತಿಲ್ರಿ. ಖರೆ ಹೇಳ್ತೀನಿ.”

ಎಲ್ಲ ಗೊತ್ತು ಎಂದಿದ್ದರೆ ನಾನು ಬೇರೆ ಡಾಕ್ಟರನ್ನು ಹುಡುಕುತ್ತಿದ್ದೆ. ಗೊತ್ತಿಲ್ಲ ಎಂದಳಲ್ಲ, ಅದಕ್ಕೇ ನಂಬಿದೆ. ಆದರೂ ಲೆಕ್ಕ ಕೂಡಲಿಲ್ಲ. ಕಂಡಕಂಡವರನ್ನು ನಂಬುವ ಅವ್ವನ ಮೈಯೊಳಗೆ ಯಾರನ್ನೂ ನಂಬದ ಕಾವಲು ಕುಳಿತಿತ್ತು. ಹಾಲಿನವನ ನಗೆಯನ್ನೂ ಶೋಧಿಸುವ ಚಿಗವ್ವನ ಮೈಯೊಳಗಿನದು ನಂಬಿ ಕೆಟ್ಟಿತ್ತು. ಇದ್ಯಾವ ನ್ಯಾಯ, ನೀವೇ ಹೇಳಿ.

ಗಾಯದ ಸುತ್ತ ಅಗಲವಾಗಿ ಕೊಯ್ದು ತೆಗೆದು, ತೊಡೆಯ ಚರ್ಮ ತಂದು ಮುಚ್ಚಿದರು. ಜಡ್ಡು ಬೇರೆ ಕಡೆ ಹಬ್ಬಿರಲಿಲ್ಲ. ಎಚ್ಚರವಾದ ಚಿಗವ್ವ ಕೇಳಿದ್ದು, “ನಡುವಿನ ಜಡ್ಡಿಗಿ ತೊಡಿ ಚರ್ಮ ಯಾಕ ತಗದ್ರು? ಉಳಿದಿದ್ದು ಎಲ್ಲಿಟ್ಟಾರ?” ಆ ಮಾತು ಕೇಳಿದ ಮೇಲೆಯೇ ಇವಳು ಬದುಕುತ್ತಾಳೆ ಎಂದು ನನಗೆ ಧೈರ್ಯ ಬಂದದ್ದು. ಆಸ್ಪತ್ರೆಯ ಮೂಲೆಯಲ್ಲಿ ನಿಂತು ಅತ್ತುಬಿಟ್ಟೆ.

ಅಂದಿನಿಂದ ಅವಳ ಅನುಮಾನಕ್ಕೆ ಹೊಸ ದಾರಿ ಸಿಕ್ಕಿದೆ. ಶಹಾಬಾದಿನ ಮದುವೆಯಿರಲಿ, ಸೇಡಮ್ಮಿನ ಸೀಮಂತವಿರಲಿ, ಮನೆತನದ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನೇ ಒಳಕೋಣೆಗೆ ಎಳೆದೊಯ್ದು ಸೊಂಟ ನೋಡುತ್ತಾಳೆ. ಅವಳ ಬೆನ್ನ ಹಿಂದೆ ನಾವೆಲ್ಲ ನಗುತ್ತೇವೆ. ಎಲ್ಲರಿಗಿಂತ ಹೆಚ್ಚು ನಗುವವಳು ನಾನು.

ಇಂದು ನಮ್ಮ ಮನೆಗೇ ಬಂದಿದ್ದಾಳೆ. ನಾನು ಲಾಡಿ ತೂರಿಸುವುದನ್ನು ಕಂಡವಳೇ ಎದ್ದು ಬಾಗಿಲು ಹಾಕಿದಳು. “ಸೀರಿ ಸರಿಸು” ಎಂದಳು. ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಬೆರಳಿನಿಂದ ಒಂದು ಕಡೆ ಒತ್ತಿದಳು. ಬೆರಳು ಅಲ್ಲಿಂದ ಕದಲಲಿಲ್ಲ.

“ಈ ಗಂಟು ಯುಗಾದಿಗಿ ಇದ್ದಿಲ್ಲ.”

“ಬೆವರುಗುಳ್ಳಿ ಇರಬೇಕು, ಚಿಗವ್ವ.”

“ಇರಬೇಕು ಅಂತ ನಾನೂ ಅಂದಿದ್ದೆ.”

ನಾನು ನಗಲಿಲ್ಲ. ಸೀರೆ ಸರಿಮಾಡಿಕೊಂಡು, ಕಲಬುರಗಿಗೆ ಬೆಳಗಿನ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಅವಳನ್ನೇ ಕೇಳಿದೆ.