ನೀರಿನಾಕೆಯ ಪೀಠ

ಗೋರ್ಮ್ಲಾಳಿಗೆ ಅರವತ್ತು ದಾಟಿತ್ತು. ಹುಟ್ಟಿ ಬೆಳೆದ ಮನೆಯಲ್ಲೇ ಮುದುಕಿಯಾದರೂ ಆ ಮನೆಯ ಒಲೆಯ ಪಕ್ಕ ಒಂದು ಸಲವಾದರೂ ಕೂತವಳಲ್ಲ. ಕ್ಲೋನ್‌ವರ ಎಂಬ ಅವಳ ಊರಿನಲ್ಲಿ ಚಳಿಗಾಲ ಬಂತೆಂದರೆ ದೇವರುಗಳು ದಿಬ್ಬಗಳನ್ನೂ ಸರೋವರವನ್ನೂ ಬಿಟ್ಟು ಮನುಷ್ಯರ ಮನೆಗಳಿಗೆ ಬರುತ್ತಾರೆ, ಮನೆಗೊಬ್ಬರಂತೆ. ಕಮ್ಮಾರ ಕೊನಾಲನ ಮನೆಗೆ ಬರುವ ಬೇಟೆಯ ದೇವರು ಹಂದಿಯ ತೊಡೆಯೊಂದನ್ನು ಪೂರ್ತಿ ಮುಗಿಸಿಯೇ ಏಳುವುದು. ಗೋರ್ಮ್ಲಾಳ ಮನೆಗೆ ಬರುವ ಸರೋವರದ ದೇವತೆ ನೀರಿನಾಕೆ ಎಷ್ಟೋ ವಾಸಿ. ಸಂಜೆ ಬಂದು ಒಂದು ಬಟ್ಟಲು ಹಾಲು ಕುಡಿದು, ಒಲೆಯ ಪಕ್ಕದ ಪೀಠದಲ್ಲಿ ಸ್ವಲ್ಪ ಹೊತ್ತು ಕೂತು, ತುಟಿ ಬಿಚ್ಚದೆ ಹೋಗುತ್ತಾಳೆ.

ಆಕೆಯ ಪೀಠದಲ್ಲಿ ಬೇರೆಯವರು ಹಗಲಲ್ಲಾಗಲಿ ಬೇಸಿಗೆಯಲ್ಲಾಗಲಿ ಕೂರುವಂತಿಲ್ಲ. ಇರುವುದೇ ಒಂದು ಕೋಣೆ. ಒಲೆಯ ಇನ್ನೊಂದು ಬದಿ ಹಸುವಿನದು. ಮನುಷ್ಯರ ಪಾಲಿಗೆ ಉಳಿದದ್ದು ಬಾಗಿಲ ಬಳಿಯ ಬೆಂಚು. ಬಾಗಿಲಿನ ಸಂದಿಯಿಂದ ಗಾಳಿ ಸೀದಾ ಎದೆಗೇ ಹೊಡೆಯುತ್ತದೆ. ಗೋರ್ಮ್ಲಾಳ ತಾಯಿ ಅಲ್ಲೇ ಕೂತು ಕೆಮ್ಮಿ ಕೆಮ್ಮಿ ಸತ್ತಳು. ಗೋರ್ಮ್ಲಾಳನ್ನು ಮೆಚ್ಚಿ ಬಂದಿದ್ದ ಕುರಿಗಾಹಿಯೊಬ್ಬ, "ಮದ್ವೆ ಆದ್ಮೇಲೆ ನಾನೆಲ್ಲಿ ಕೂತ್ಕೊಳ್ಲಿ?" ಎಂದು ಕೇಳಿದ್ದ. ಅವಳು ಬೆಂಚು ತೋರಿಸಿದಳು. ಪುಣ್ಯಾತ್ಮ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಈಗ ಅವಳ ತಮ್ಮ ಬ್ರೆಸಲ್‌ನ ಸರದಿ. ಜೀವಮಾನವೆಲ್ಲ ಜೌಗಿನಲ್ಲಿ ನಿಂತು ಒಲೆಗೆ ಉರುವಲಾಗುವ ಜೌಗುಮಣ್ಣಿನ ಹೆಂಟೆ ಕಡಿದವನು. ಈ ಚಳಿಗಾಲ ಅವನಿಗೂ ಅದೇ ಕೆಮ್ಮು ಹತ್ತಿತ್ತು.

"ಅಕ್ಕಾ, ಆ ಬಾಗ್ಲು ಹಾಕೇ."

"ಹಾಕೇ ಇದೆ ಕಣೋ."

ಅವನು ಇನ್ನೊಮ್ಮೆ ಕೆಮ್ಮಿದ. ಅಮ್ಮನೇ ಕೆಮ್ಮಿದಂತಾಯಿತು. ಗೋರ್ಮ್ಲಾ ಎದ್ದು ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿದಳು, ಒಲೆಯ ಕಡೆಗೆ ನಡೆಸಿದಳು.

"ಏಯ್, ಏನೇ ಮಾಡ್ತಿದೀಯ? ಆಕೆ ಬರೋ ಹೊತ್ತು! ಪೀಠ ಕೊಡದೋರ ಬಾವಿ ಬತ್ತೋಗುತ್ತೆ ಅಂತ ಅಮ್ಮ ಹೇಳ್ತಿರ್ಲಿಲ್ವಾ?"

"ಬತ್ಲಿ. ಶಾಪ ಕೊಡೋದಾದ್ರೆ ನಂಗೇ ಕೊಡ್ಲಿ. ನಂಗೆ ಸಾಕಾಗಿದೆ. ಬಾಯ್ಮುಚ್ಕೊಂಡು ಕೂತ್ಕೋ."

ಧೈರ್ಯವೇನಲ್ಲ ಅದು. ಹೆದರುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ, ಅದೂ ಅವಳಲ್ಲಿ ಉಳಿದಿರಲಿಲ್ಲ, ಅಷ್ಟೆ.

ಬೆಂಕಿಯ ಕಾವಿಗೆ ಬ್ರೆಸಲ್‌ನ ಕಣ್ಣು ಎಳೆಯುತ್ತಿದ್ದಾಗ ಬಾಗಿಲು ತೆರೆಯಿತು. ನೀರಿನಾಕೆ ಒಳಗೆ ಬಂದಳು. ಉಟ್ಟ ಬಟ್ಟೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಪೀಠದಲ್ಲಿದ್ದವನನ್ನು ನೋಡಿದಳು. ಗೋರ್ಮ್ಲಾಳನ್ನು ನೋಡಿದಳು. ಆಮೇಲೆ ಬೆಂಚಿನ ಮೇಲೆ ಕೂತು, ಬಾಗಿಲ ಸಂದಿಗೆ ಮುಖವೊಡ್ಡಿ ಕಣ್ಣು ಮುಚ್ಚಿದಳು.

"ಅಬ್ಬಾ, ಎಂಥಾ ಗಾಳಿ!"

"ತಪ್ಪಾಯ್ತು ತಾಯಿ. ಇವ್ನಿಗೆ ಹುಷಾರಿಲ್ಲ, ಅದಕ್ಕೇ..."

"ತಪ್ಪೇನು ಬಂತು? ನಾನು ನೀರಿನವ್ಳು ಕಣೇ. ನಿಮ್ಮಜ್ಜಿ ಕಾಲದಿಂದ್ಲೂ ಆ ಒಲೆ ಪಕ್ಕ ಬೇಯ್ತಾ ಇದೀನಿ. ವಾಪಸ್ ಹೋಗೋ ಹೊತ್ತಿಗೆ ಚರ್ಮ ಬಿರಿದಿರುತ್ತೆ."

ಗೋರ್ಮ್ಲಾ ಹಾಲಿನ ಬಟ್ಟಲು ಹಿಡಿದು ಹಾಗೇ ನಿಂತಳು.

"ಹಂಗಂತ ಒಂದ್ ಮಾತು ಹೇಳೋಕೇನಾಗಿತ್ತು?"

"ಕೊಟ್ಟ ಪೀಠನ ಬೇಡ ಅನ್ನಂಗಿಲ್ಲ. ಬಂದೋರಿಗೆ ಮನುಷ್ಯರು ನೀವೇ ಹಾಕಿದ ಕಟ್ಟಲೆ. ದೇವ್ರಾದ್ರೇನು, ಬಂದೋರು ಬಂದೋರೇ. ನಿಮ್ಮಮ್ಮ ಇಲ್ಲಿ ಕೂತು ನನ್ನ ಪೀಠಾನೇ ನೋಡ್ತಿದ್ಲು. ನಾನು ಈ ಬೆಂಚನ್ನ ನೋಡ್ತಿದ್ದೆ."

ಗೋರ್ಮ್ಲಾಳಿಗೆ ಬಟ್ಟಲನ್ನು ಆ ತಣ್ಣನೆಯ ಮುಖಕ್ಕೆ ಎಸೆಯಬೇಕೆನಿಸಿತು. ಆದರೂ ಬಟ್ಟಲನ್ನು ನೆಲಕ್ಕಿಟ್ಟು ಅಲ್ಲೇ ಕೂತಳು.

"ಅಮ್ಮ ಸತ್ತ ದಿನಾನೂ ನೀವ್ ಬಂದಿದ್ರಿ."

"ಬಂದಿದ್ದೆ."

"ಅವಳು ಕೆಮ್ತಿದ್ರೂ ಸುಮ್ನೆ ಕೂತಿದ್ರಿ."

ನೀರಿನಾಕೆ ಕಣ್ಣು ತೆರೆದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಗೋರ್ಮ್ಲಾಳಷ್ಟೇ ದಣಿದ ದನಿ ಅದು.

"ನೀನೂ ಸುಮ್ನೆ ನಿಂತಿದ್ದೆ ಅಲ್ವೇನೇ ಮಗಳೇ?"

ಒಲೆಯ ಪಕ್ಕದಲ್ಲಿ ಬ್ರೆಸಲ್ ಕೆಮ್ಮದೆ ನಿದ್ದೆ ಹೋಗಿದ್ದ. ಗೋರ್ಮ್ಲಾ ಹೊದ್ದಿದ್ದ ಶಾಲನ್ನು ಬಾಯಿಗೆ ಒತ್ತಿ ಹಿಡಿದು, ಅವನಿಗೆ ಎಚ್ಚರವಾಗದಂತೆ ಅತ್ತಳು.